ಅಪ್ಪನ ರಿವಾಲ್ವರಿಗೊಂದು ಒರೆ



ಬೋರ್ಡೋ ದ್ರಾವಣ, ಕಾಂಡಕೊರಕ, ಕೊಳೆರೋಗ, ಗೊಬ್ಬರದ ಲೆಕ್ಕಾಚಾರಗಳಿಗೆ ಮೀಸಲಾದ ನಮ್ಮ ಪತ್ರಿಕೆಯಲ್ಲಿ ಈ ಸಲ ತೊಗಲಿನ ಒರೆಯೊಂದರ ವಿಷಯ ಬರೆಯುತ್ತಿದ್ದೇನೆ. ವಿಷಯ ಚಿಕ್ಕದೆಂದು ತಿರುವಿಹಾಕಬೇಡಿ. ನಮ್ಮ ಸಂಘದ ಸದಸ್ಯರಲ್ಲಿ ಪರವಾನಗಿ ಕೋವಿ ಇರುವ ಮನೆಗಳು ಬಹಳ. ಅವುಗಳ ಪೈಕಿ ಕೆಲವು ಮನೆಗಳಲ್ಲಿ ಹಿರಿಯರ ಕಾಲದಿಂದ ಬಂದ ಒಂದು ರಿವಾಲ್ವರೋ ಸಣ್ಣ ಪಿಸ್ತೂಲೋ ಕೂಡ ಇದೆ. ಕೋವಿಗೆ ಎಣ್ಣೆ ಹಾಕುತ್ತೇವೆ, ಪರವಾನಗಿ ನವೀಕರಿಸುತ್ತೇವೆ. ಆದರೆ ಅದನ್ನು ಇಡುವ, ಒಯ್ಯುವ ಒರೆಯ ಕಡೆಗೆ ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಕಣದಲ್ಲಿ ನಡೆದದ್ದು

ನಮ್ಮದು ಆರು ಎಕರೆ ಕಾಫಿ, ಅದರ ಅಂಚಿಗೆ ಎರಡು ಎಕರೆ ಅಡಿಕೆ. ಅಪ್ಪನ ಕಾಲದಲ್ಲಿ ಶನಿವಾರ ಬಟವಾಡೆ. ಪೇಟೆಯ ಬ್ಯಾಂಕಿನಿಂದ ನಗದು ತಂದು ಸಂಜೆಯೊಳಗೆ ಕೂಲಿ ಹಂಚಬೇಕು. ದಾರಿ ಕಾಡಿನ ನಡುವೆ. ಮನೆಯಲ್ಲಿ ಒಂಟಿ ನಳಿಗೆಯ ತೋಟೆ ಕೋವಿ ಇತ್ತು. ಆದರೆ ಒಂದು ಕೈಯಲ್ಲಿ ದುಡ್ಡಿನ ಚೀಲ ಹಿಡಿದು ಇನ್ನೊಂದು ಕೈಯಲ್ಲಿ ಉದ್ದದ ಕೋವಿ ಹೊತ್ತು ಬಸ್ಸು ಹತ್ತುವುದು ಹೇಗೆ? ಅದಕ್ಕೆಂದೇ ಎರಡನೆಯ ಆಯುಧವಾಗಿ ಅಪ್ಪ ಪರವಾನಗಿ ಪಡೆದು ಹಳೆಯ ಇಂಗ್ಲಿಷ್ ತಯಾರಿಕೆಯ .32 ರಿವಾಲ್ವರ್ ಒಂದನ್ನು ಕೊಂಡಿದ್ದರು. ಮೇಲಿನ ಕೊಂಡಿ ಎತ್ತಿದರೆ ನಳಿಗೆ ಮುಂದಕ್ಕೆ ಮಡಚಿಕೊಂಡು, ಆರೂ ತೋಟಾಗಳ ಖಾಲಿ ಚಿಪ್ಪು ಒಟ್ಟಿಗೆ ಹೊರಬರುವ ಮಾದರಿ ಅದು. ನನಗೆ ಗೊತ್ತಿರುವಂತೆ ಅವರು ಅದನ್ನು ಯಾರ ಮೇಲೂ, ಯಾವ ಪ್ರಾಣಿಯ ಮೇಲೂ ಹಾರಿಸಿದ್ದಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಿಯಮದಂತೆ ಎರಡನ್ನೂ ಠೇವಣಿ ಇಟ್ಟು, ವಾರಸುದಾರನೆಂದು ಅರ್ಜಿ ಹಾಕಿ, ನನ್ನ ಹೆಸರಿಗೆ ಪರವಾನಗಿ ಆದ ಬಳಿಕ ಬಿಡಿಸಿಕೊಂಡೆ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದಿತ್ತು. ಅಪ್ಪನ ತೊಗಲಿನ ಒರೆ ಹಸಿರು ಬೂಷ್ಟು ಹಿಡಿದು, ಹೊಲಿಗೆ ಕೊಳೆತು, ಕೈಯಲ್ಲಿ ಹಿಡಿದರೆ ಹಿಟ್ಟಿನಂತೆ ಉದುರುತ್ತಿತ್ತು. ಎಸೆದುಬಿಟ್ಟೆ. ರಿವಾಲ್ವರನ್ನು ಒಂದು ಬಟ್ಟೆಯ ಕೈಚೀಲದಲ್ಲಿ ಹಾಕಿ ಓಡಾಡತೊಡಗಿದೆ.

ಒಂದು ದಿನ ಜೀಪಿನಿಂದ ಇಳಿಯುವಾಗ ಚೀಲದ ಹಿಡಿ ಕಿತ್ತುಬಂತು. ಸಿಮೆಂಟಿನ ಕಣದ ಮೇಲೆ ರಿವಾಲ್ವರ್ ಹ್ಯಾಮರಿನ ಕಡೆಯಿಂದಲೇ ಬಿತ್ತು. ಹತ್ತಡಿ ದೂರದಲ್ಲಿ ಕಾಫಿ ಕೊಯ್ಲಿಗೆ ಬಂದವರ ಮಕ್ಕಳು ಗೋಲಿ ಆಡುತ್ತಿದ್ದರು. ಗುಂಡು ಹಾರಲಿಲ್ಲ. ಹಾರದಿರಲು ಕಾರಣ ನನ್ನ ಜಾಣತನವಲ್ಲ, ಅಪ್ಪ ಕಲಿಸಿದ್ದ ಒಂದು ರೂಢಿ. ಆರು ಚೇಂಬರಿನಲ್ಲಿ ಐದಕ್ಕೆ ಮಾತ್ರ ತೋಟಾ ತುಂಬಿ, ಹ್ಯಾಮರಿನ ಕೆಳಗಿನದನ್ನು ಖಾಲಿ ಬಿಡಬೇಕೆಂದು ಅವರು ಹೇಳುತ್ತಿದ್ದರು.

ಇದನ್ನು ಎಲ್ಲರೂ ತಿಳಿದಿರಬೇಕು. ಹಳೆಯ ರಿವಾಲ್ವರುಗಳಲ್ಲಿ ಹ್ಯಾಮರಿನ ಮೊನೆ ನೇರವಾಗಿ ತೋಟಾದ ಕೇಪಿನ ಮೇಲೆ ಕೂತಿರುವುದುಂಟು. ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟು ತಗಲಿದರೆ ಆ ಪೆಟ್ಟು ಕೇಪಿಗೇ ಹೋಗುತ್ತದೆ, ಟ್ರಿಗರ್ ಒತ್ತುವುದೇ ಬೇಡ. ಈಚಿನ ಮಾದರಿಗಳಲ್ಲಿ ನಡುವೆ ತಡೆಯುವ ಪಟ್ಟಿ ಇರುತ್ತದೆ. ಆದರೆ ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಹಳೆಯವೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುವುದರೊಳಗೆ, ಮೊದಲು ಒರೆ, ಆಮೇಲೆ ಬೇರೆ ಮಾತು ಎಂದು ತೀರ್ಮಾನಿಸಿದೆ.

ಅಂಗಡಿಯ ಒರೆ ಏಕೆ ಹೊಂದಲಿಲ್ಲ

ಪೇಟೆಯ ಅಂಗಡಿಯಲ್ಲಿ ಸಿದ್ಧ ಒರೆಗಳು ಸಿಗುತ್ತವೆ. ಜನ ಅದನ್ನು ಪೌಚು ಎನ್ನುತ್ತಾರೆ. ಆದರೆ ಅವು ಬಹುತೇಕ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿನ ಅಳತೆಗೆ ಹೊಲಿದವು. ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾಗಿರುವುದು ಅಂಥವೇ ಆದ್ದರಿಂದ ಅದು ಸಹಜ. 2014ರಲ್ಲಿ ಬಂದ, ಸುಮಾರು ಅರ್ಧ ಕಿಲೋ ತೂಕದ 'ನಿರ್ಭೀಕ್' ಕೂಡ .32 ಅಳತೆಯದೇ. .38, .455, ಸೈನ್ಯದ 9 ಮಿ.ಮೀ. ಮುಂತಾದವು ನಿಷೇಧಿತ ಬೋರುಗಳಾದ್ದರಿಂದ ಸಾಮಾನ್ಯ ಪರವಾನಗಿದಾರರ ಕೈಯಲ್ಲಿ ಇರುವುದು ಹೆಚ್ಚಾಗಿ .32, ಅಪರೂಪಕ್ಕೆ .22 ಅಥವಾ .25.

ಹಳೆಯ ಆಯುಧಗಳಲ್ಲಿ ಒಂದೊಂದರ ಮೈಕಟ್ಟು ಒಂದೊಂದು ಬಗೆ. ನನ್ನದರಂತೆ ಮಡಚುವ ರಿವಾಲ್ವರಿಗೆ ಹ್ಯಾಮರಿನ ಮುಂದೆ ಒಂದು ಕೊಂಡಿ ಎದ್ದು ನಿಂತಿರುತ್ತದೆ. ಒರೆಯ ಮೇಲಿನ ಪಟ್ಟಿ ಅದನ್ನು ತಳ್ಳಿದರೆ ರಿವಾಲ್ವರ್ ಒರೆಯೊಳಗೇ ಬಾಯಿ ಬಿಡುತ್ತದೆ. ಅಂಗೈಯಲ್ಲಿ ಅಡಗುವ .25 ಪಿಸ್ತೂಲಿಗೆ ಸೊಂಟದ ಒರೆಗಿಂತ ಜೇಬಿನೊಳಗೆ ಕೂರುವ ಚಪ್ಪಟೆ ಚೀಲ ಬೇಕು. ಜೇಬಿನಲ್ಲಿ ಬೀಗದ ಕೈಯೋ ನಾಣ್ಯವೋ ಟ್ರಿಗರಿಗೆ ಸಿಕ್ಕಿಕೊಳ್ಳದಂತೆ ಮುಚ್ಚುವುದೇ ಅದರ ಮುಖ್ಯ ಕೆಲಸ. .32 ಪಿಸ್ತೂಲುಗಳಲ್ಲಿ ಪಕ್ಕದ ಸೇಫ್ಟಿ ಕಡ್ಡಿಯನ್ನು ತೊಗಲು ಉಜ್ಜಿ ಕೆಳಗಿಳಿಸದಂತೆ ಅಲ್ಲಿ ಜಾಗ ಬಿಡಬೇಕು. ಉದ್ದ ನಳಿಗೆಯ .22 ರಿವಾಲ್ವರಿಗೆ ಗಿಡ್ಡ ಒರೆ ಹಾಕಿದರೆ ನಳಿಗೆಯ ತುದಿಯ ಗುರಿಮೊನೆ ಹೊರಗೆ ಚಾಚಿ ಅಂಗಿಗೆ ಸಿಕ್ಕುತ್ತದೆ.

ಅಂಗಡಿಯವರು ಕೊಟ್ಟ ಒರೆಯಲ್ಲಿ ನನ್ನ ರಿವಾಲ್ವರ್ ಅಲ್ಲಾಡುತ್ತಿತ್ತು. ತಲೆಕೆಳಗು ಮಾಡಿದರೆ ಜಾರಿ ಬೀಳುತ್ತಿತ್ತು. 'ಒಳಗೆ ಬಟ್ಟೆ ತುರುಕಿ ಸಾರ್' ಎಂದರು. ಬಟ್ಟೆ ಎಂಬ ಮಾತು ಕೇಳಿದರೇ ನನಗೆ ಆ ದಿನದ ಕಣ ನೆನಪಾಗುತ್ತಿತ್ತು.

ಬಯಲುಸೀಮೆಗೆ ಪಯಣ

ನಮ್ಮಲ್ಲಿ ಕೊಯ್ಲಿಗೆ ಬರುವವರಲ್ಲಿ ರಾಯಚೂರು, ಕೊಪ್ಪಳ ಕಡೆಯವರು ಅನೇಕರು. ಮಸ್ಕಿ ಹತ್ತಿರದ ಹಳ್ಳಿಯ ಒಬ್ಬ ಯುವಕ ಮೂರು ವರ್ಷದಿಂದ ಹೆಂಡತಿಯೊಡನೆ ನಮ್ಮ ತೋಟಕ್ಕೆ ಬರುತ್ತಾನೆ. ನನ್ನ ಪೇಚಾಟ ನೋಡಿ, 'ನಮ್ ಮಾವ ತೊಗಲ ಕೆಲಸ ಮಾಡ್ತಾನ್ರಿ ಧಣೇರ. ಮಿಣಿ, ಬಾರುಕೋಲು, ಎತ್ತಿನ ಗೆಜ್ಜಿಪಟ್ಟಿ ಎಲ್ಲಾ ಮಾಡ್ತಾನ. ಇದೂ ಆಗ್ತೈತಿ ನೋಡ್ರಿ' ಎಂದ. ಕೊಯ್ಲು ಮುಗಿಸಿ ಅವರು ಊರಿಗೆ ಹೊರಟಾಗ ನಾನೂ ಜತೆಗೆ ಹೊರಟೆ.

ಹೊಸಪೇಟೆ, ಗಂಗಾವತಿ, ಕಾರಟಗಿ ದಾಟಿ ಸಿಂಧನೂರು ಮುಟ್ಟುವವರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಕಣ್ಣು ಹಾಯುವಷ್ಟು ದೂರ ಭತ್ತ. ನಾವು ಮನೆಯಲ್ಲಿ ಉಣ್ಣುವ ಸೋನಾಮಸೂರಿ ಬರುವುದು ಇಂಥ ಗದ್ದೆಗಳಿಂದಲೇ. ಸಿಂಧನೂರಿನಿಂದ ಮಸ್ಕಿ ಕಡೆಗೆ ಹೊರಳಿದರೆ ನೆಲದ ಬಣ್ಣ ಬದಲಾಗುತ್ತದೆ. ಕಾಲುವೆ ಮುಟ್ಟದ ಎರೆಹೊಲಗಳು, ಜೋಳದ ಕೂಳೆ, ತೊಗರಿಯ ಕಟ್ಟಿಗೆ, ಅಲ್ಲಲ್ಲಿ ಬೋಳು ಕಲ್ಲುಗುಡ್ಡ. ಮಸ್ಕಿಯ ಗುಡ್ಡದ ಬಂಡೆಯಲ್ಲೇ 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರಿಗೆ ಅಶೋಕನ ಶಾಸನ ಸಿಕ್ಕಿತು. ಅದುವರೆಗೆ ದೇವಾನಾಂಪ್ರಿಯ ಎಂದಷ್ಟೇ ತಿಳಿದಿದ್ದ ದೊರೆಯ ಸ್ವಂತ ಹೆಸರು ಅದರಲ್ಲಿತ್ತು. ಚಿನ್ನದ ಆಸೆಯೇನೂ ಸುಳ್ಳಾಗಲಿಲ್ಲ. ಪಕ್ಕದ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ.

ಲಿಂಗಸುಗೂರು 19ನೇ ಶತಮಾನದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡಿನ ಊರು. ದಂಡು ಇದ್ದಲ್ಲಿ ಕುದುರೆ, ಕುದುರೆ ಇದ್ದಲ್ಲಿ ಜೀನು, ಲಗಾಮು, ಸೊಂಟಪಟ್ಟಿ. ಇವೆಲ್ಲ ತೊಗಲಿನವೇ.

ಸುರಪುರದ ಒಂದು ಪಾಠ

ಈ ಸೀಮೆಯ ಹೆಸರು ಬಂದಾಗ ಒಂದು ಹಳೆಯ ಘಟನೆ ಹೇಳದೆ ಮುಂದೆ ಹೋಗಲಾರೆ. 1858ರ ಫೆಬ್ರವರಿಯಲ್ಲಿ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕರ ಮೇಲೆ ಬ್ರಿಟಿಷರ ಪಡೆ ಏರಿಹೋಯಿತು. ಅದರಲ್ಲಿ ಲಿಂಗಸುಗೂರಿನ ತುಕಡಿಯೂ ಇತ್ತು. ದೊರೆಯನ್ನು ಸೆರೆಹಿಡಿದು ವಿಚಾರಣೆ ಮಾಡಿದರು. ಶಿಕ್ಷೆ ಕಡಿಮೆಯಾಗಿ ನಾಲ್ಕು ವರ್ಷದ ಸೆರೆವಾಸವೆಂದು ತೀರ್ಮಾನವಾಯಿತು. ಆ ಸೆರೆಗೆ ಕರೆದೊಯ್ಯುವ ದಾರಿಯಲ್ಲಿ, ಬಿಡಾರದಲ್ಲಿ, ಕಾವಲಿನ ಅಧಿಕಾರಿ ಗುಂಡು ತುಂಬಿದ ರಿವಾಲ್ವರ್ ಇದ್ದ ತನ್ನ ಸೊಂಟಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ನೇತುಹಾಕಿ ಹೊರಗೆ ಹೋದ. ಮರುಕ್ಷಣ ಗುಂಡಿನ ಸದ್ದು. ಬಂದು ನೋಡಿದರೆ ದೊರೆ ನೆಲದ ಮೇಲೆ ಬಿದ್ದಿದ್ದರು. ದೊರೆಯನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಹೀಗೆ ಬರೆದಿದ್ದಾನೆ. ದೊರೆಯೇ ಹಾರಿಸಿಕೊಂಡರೆಂಬುದನ್ನು ನಂಬದವರು ಆ ಭಾಗದಲ್ಲಿ ಇಂದಿಗೂ ಇದ್ದಾರೆ. ಸತ್ಯ ಯಾವುದೇ ಇರಲಿ, ನಮ್ಮಂಥವರಿಗೆ ಅದರಲ್ಲೊಂದು ಪಾಠವಿದೆ. ಒರೆ ಎಷ್ಟೇ ಗಟ್ಟಿಯಿದ್ದರೂ ಮೈಮೇಲೆ ಇರುವವರೆಗೆ ಮಾತ್ರ ಅದು ಕಾವಲು. ಬಿಚ್ಚಿ ಕುರ್ಚಿಗೆ ತೂಗುಹಾಕಿದ ಒರೆ ಯಾರ ಕೈಗಾದರೂ ಆಯುಧವನ್ನು ಕೊಟ್ಟಂತೆ. ಮನೆಗೆ ಬಂದೊಡನೆ ತೋಟಾ ತೆಗೆದು, ಆಯುಧವನ್ನು ಬೀಗದೊಳಗೆ ಇಡಬೇಕು.

ಕಟ್ಟಿಗೆಯ ಅಚ್ಚು

ಇಲ್ಲಿ ಒಂದು ತೊಡಕನ್ನು ಹೇಳಬೇಕು. ಅಳತೆಗೆ ತಕ್ಕ ಒರೆ ಹೊಲಿಯಬೇಕಾದರೆ ಹೊಲಿಯುವವರ ಮುಂದೆ ಆಯುಧ ಇರಬೇಕಲ್ಲವೇ? ಆದರೆ ಪರವಾನಗಿ ಇಲ್ಲದವರ ಬಳಿ ಆಯುಧವನ್ನು ಎರಡು ದಿನ ಬಿಟ್ಟು ಬಂದರೆ ಕಾನೂನಿನ ಪ್ರಕಾರ ಬಿಟ್ಟವರಿಗೂ ತಪ್ಪು, ಇಟ್ಟುಕೊಂಡವರಿಗೂ ತಪ್ಪು. ನಮ್ಮ ಕೆಲಸಕ್ಕೆಂದು ಒಬ್ಬ ಬಡ ಕುಶಲಕರ್ಮಿಯನ್ನು ಠಾಣೆಯ ಮೆಟ್ಟಿಲು ಹತ್ತಿಸುವುದು ನ್ಯಾಯವಲ್ಲ.

ಆದ್ದರಿಂದ ಹೊರಡುವ ಮೊದಲೇ ಮನೆಯಲ್ಲಿ ಒಂದು ಅಚ್ಚು ಸಿದ್ಧಮಾಡಿದ್ದೆ. ತೋಟಾಗಳನ್ನೆಲ್ಲ ತೆಗೆದು, ಎರಡು ಸಲ ನೋಡಿ ಖಚಿತಪಡಿಸಿಕೊಂಡು, ರಿವಾಲ್ವರನ್ನು ದಪ್ಪ ಕಾಗದದ ಮೇಲೆ ಮಲಗಿಸಿ ಸುತ್ತ ಪೆನ್ಸಿಲ್ ಎಳೆದೆ. ಉರುಳೆಯ ದಪ್ಪ, ನಳಿಗೆಯ ದಪ್ಪ, ಹಿಡಿಯ ದಪ್ಪ, ಕೊಂಡಿಯ ಎತ್ತರಗಳನ್ನು ಒಂದೊಂದಾಗಿ ಅಳೆದು ಬರೆದುಕೊಂಡೆ. ತೋಟದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ತುಂಡನ್ನು ನಮ್ಮೂರ ಬಡಗಿ ಆ ಅಳತೆಗೆ ಕೆತ್ತಿಕೊಟ್ಟರು. ಅಂಚುಗಳು ಸ್ವಲ್ಪ ಉರುಟಾಗಿರಲಿ, ಟ್ರಿಗರಿನ ಬಳೆಯ ಒಳಗಿನ ತೂತನ್ನು ಕೊರೆಯದೆ ತುಂಬಾ ಬಿಡಿ ಎಂದು ಹೇಳಿದ್ದೆ. ಆ ತೂತಿದ್ದರೆ ಒದ್ದೆ ತೊಗಲು ಅದರೊಳಗೆ ಇಳಿದು ಕೂರುತ್ತದೆ. ಆಮೇಲೆ ನಿಜವಾದ ಆಯುಧ ಹಾಕುವಾಗ ಅದೇ ಉಬ್ಬು ಟ್ರಿಗರಿಗೆ ತಗಲಬಹುದು.

ರಿವಾಲ್ವರ್ ಮನೆಯಲ್ಲೇ ಬೀಗದಲ್ಲಿ ಉಳಿಯಿತು. ನಾನು ಒಯ್ದದ್ದು ಕಟ್ಟಿಗೆ.

ತೊಗಲಿನ ಮುಂದೆ

ಹಿರಿಯರು ಮೊದಲು ಒಪ್ಪಲಿಲ್ಲ. 'ಪಿಸ್ತೂಲಿನ ಕೆಲಸ ಅಂದ್ರ ಪೊಲೀಸ್ರು ಬರ್ತಾರ. ನಂಗ್ಯಾಕ್ರಿ ಈ ವಯಸ್ಸಿನಾಗ?' ಎಂದರು. ಅಚ್ಚನ್ನು ಮುಂದಿಟ್ಟೆ. ಕೈಯಲ್ಲಿ ತಿರುಗಿಸಿ ನೋಡಿ, 'ಇದು ಬರೇ ಕಟ್ಟಿಗಿ' ಎಂದು ನಕ್ಕರು. ಪರವಾನಗಿಯ ನಕಲನ್ನೂ ತೋರಿಸಿದೆ. ಓದಲು ಬಾರದಿದ್ದರೂ ಮೊಹರನ್ನು ಬೆರಳಿನಿಂದ ಸವರಿ ನೋಡಿದರು.

ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ ಮನ್ಯಾಗ ಚಾ ಕುಡೀತೀರೇನ್ರಿ?' ಎಂದು ಕೇಳಿದರು. ಆ ಪ್ರಶ್ನೆಯ ಹಿಂದೆ ಎಷ್ಟು ತಲೆಮಾರಿನ ಅನುಭವವಿದೆಯೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ತೋಟದ ಕಾಫಿಪುಡಿ ಒಂದು ಕಿಲೋ ಒಯ್ದಿದ್ದೆ. ಅದನ್ನೇ ಮಾಡಿಸಿ ಎಲ್ಲರೂ ಕೂತು ಕುಡಿದೆವು. ಕಹಿಯಾಯಿತೆಂದು ಅವರು ಇನ್ನೆರಡು ಚಮಚ ಸಕ್ಕರೆ ಹಾಕಿಕೊಂಡರು.

ಕೆಲಸದ ಬಗ್ಗೆ ಕೇಳಿದಾಗ ಅವರು ಹೇಳಿದ್ದು ಇದು: 'ಮೊದ್ಲು ಬಾವಿಗೆ ಕಪಿಲಿ ಹೊಡೀತಿದ್ರು, ನೀರೆತ್ತೋ ತೊಗಲ ಬಾನಿ ನಾವ ಹೊಲೀತಿದ್ವಿ. ಪಂಪು ಬಂತು, ಬಾನಿ ಹೋತು. ಟ್ರ್ಯಾಕ್ಟರ್ ಬಂತು, ಮಿಣಿ ಹೋತು. ಪ್ಲಾಸ್ಟಿಕ್ ಚಪ್ಲಿ ಬಂತು, ಕಾಲ್ಮರಿ ಹೋತು. ಈಗ ಹಲಗಿ ಒಂದು ಉಳದೈತಿ, ಅದಕ್ಕೂ ಪ್ಲಾಸ್ಟಿಕ್ ಹಾಳಿ ಬಂದೈತಿ.'

ತೊಗಲಿನ ಹದದಲ್ಲಿ ಎರಡು ದಾರಿ. ಒಂದು ಹಳೆಯ ತೊಗಟೆಯ ಹದ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲನ್ನೂ ಒಳಬದಿಯ ಮಾಂಸವನ್ನೂ ಹೆರೆದು, ಸುಣ್ಣ ಹೋಗುವಂತೆ ತೊಳೆದು, ತಂಗಡಿ ಅಥವಾ ಆವರಿಕೆ ಗಿಡದ ತೊಗಟೆಯ ರಸದಲ್ಲಿ ಹಾಕುತ್ತಾರೆ. ಹಳ್ಳಿಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆಯ ನೀರು ತುಂಬಿ ತೂಗುಹಾಕುವುದೂ ಉಂಟು. ರಸ ತೊಟ್ಟಿಕ್ಕುತ್ತಾ ತೊಗಲೆಲ್ಲ ಕುಡಿದು ಹದಕ್ಕೆ ಬರುತ್ತದೆ. ಅಳಲೆಕಾಯಿಯನ್ನೂ ಬಳಸುತ್ತಾರೆ. ಬಯಲುಸೀಮೆಯ ಬದುಗಳಲ್ಲಿ ಹಳದಿ ಹೂ ಬಿಡುವ ಈ ತಂಗಡಿ ಒಂದು ಕಾಲಕ್ಕೆ ದಕ್ಷಿಣ ಭಾರತದ ಚರ್ಮೋದ್ಯಮದ ಜೀವಾಳವಾಗಿತ್ತು. ಮುಂದೆ ವಾಟಲ್ ಮರದ ತೊಗಟೆ ಅದರ ಜಾಗ ಹಿಡಿಯಿತು. ಇನ್ನೊಂದು ಕ್ರೋಮಿಯಂ ಲವಣದ ಹದ. ದಿನಗಟ್ಟಲೆಯ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ, ತೊಗಲು ಮೆತ್ತಗೆ ಬರುತ್ತದೆ.

ಒರೆಗೆ ಬೇಕಾದದ್ದು ತೊಗಟೆಯ ಹದದ ಎಮ್ಮೆ ತೊಗಲು. ಇದಕ್ಕೆ ಎರಡು ಕಾರಣ. ತೊಗಟೆಯ ತೊಗಲು ಒದ್ದೆ ಮಾಡಿ ಒತ್ತಿದ ಆಕಾರವನ್ನು ಒಣಗಿದ ಮೇಲೂ ಬಿಡುವುದಿಲ್ಲ, ಕ್ರೋಮ್ ತೊಗಲು ಚೀಲದಂತೆ ಜೋಲುತ್ತದೆ. ಎರಡನೆಯದು, ಕ್ರೋಮ್ ತೊಗಲಿನಲ್ಲಿ ಉಳಿಯುವ ಲವಣಗಳು ತೇವ ಎಳೆದು ಉಕ್ಕಿಗೆ ಬೇಗ ತುಕ್ಕು ಹಿಡಿಸುತ್ತವೆ. ನಮ್ಮ ಮಲೆನಾಡಿನ ಹವೆಗೆ ಅದು ಒಗ್ಗದು.

ಅವರ ಹಳ್ಳಿಯಲ್ಲಿ ಈಗ ಯಾರೂ ತೊಗಲು ಹದ ಮಾಡುವುದಿಲ್ಲ, ಪೇಟೆಯಿಂದ ತರಬೇಕು. ಅವರಲ್ಲಿ ಸುಮಾರು 3 ಮಿಲಿಮೀಟರ್ ದಪ್ಪದ ಒಂದು ಹಳೆಯ ತುಂಡು ಉಳಿದಿತ್ತು. ಅಂಚನ್ನು ಬೆರಳಲ್ಲಿ ಮಡಚಿ, ಕಿವಿಯ ಹತ್ತಿರ ಹಿಡಿದು ಕರಕರ ಸದ್ದು ಕೇಳಿ, 'ಇದು ಆಗ್ತೈತಿ' ಎಂದರು.

ಎರಡು ದಿನದ ಕೆಲಸ

ಕಾಗದದ ಮೇಲೆ ಅಚ್ಚನ್ನು ಮಲಗಿಸಿ, ಸುತ್ತ ಒಂದು ಬೆರಳಗಲ ಬಿಟ್ಟು ಗೆರೆ ಎಳೆದರು. ರಂಪಿಗೆಯಿಂದ ತೊಗಲು ಕತ್ತರಿಸಿದರು. ರಂಪಿಗೆಯ ಬಾಯಿ ಎಷ್ಟು ಹರಿತವಿತ್ತೆಂದರೆ ಅಷ್ಟು ದಪ್ಪ ತೊಗಲು ಬಾಳೆಪಟ್ಟೆಯಂತೆ ಸೀಳಿತು. ಮಡಚಿದ ಅಂಚಿನ ನಡುವೆ ತೆಳುವಾದ ಇನ್ನೊಂದು ಪಟ್ಟಿ ಸೇರಿಸಿದರು. ಉರುಳೆಯ ದಪ್ಪಕ್ಕೆ ಒಳಗೆ ಜಾಗವಾಗಬೇಕು, ಉರುಳೆ ಹೊಲಿಗೆಯನ್ನು ಉಜ್ಜಿ ಕಡಿಯಬಾರದು ಎಂಬುದಕ್ಕೆ ಅದು.

ಹೊಲಿಗೆ ಯಂತ್ರದ್ದಲ್ಲ. ಸಮ ಅಂತರದಲ್ಲಿ ತೂತು ಚುಚ್ಚಿ, ಜೇನುಮೇಣ ಉಜ್ಜಿದ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎರಡು ಕಡೆಯಿಂದ ದಾಟಿಸುತ್ತಾ ಹೋದರು. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸಾಲು ಬಿಚ್ಚಿಕೊಳ್ಳುತ್ತದೆ. ಈ ಕೈಹೊಲಿಗೆಯಲ್ಲಿ ಒಂದು ದಾರ ಹರಿದರೂ ಇನ್ನೊಂದು ಹಿಡಿದಿರುತ್ತದೆ.

ಹೊಲಿದಾದ ಮೇಲೆ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಗುಳ್ಳೆ ನಿಂತೊಡನೆ ತೆಗೆದು, ಅಚ್ಚನ್ನು ಒಳಗೆ ತಳ್ಳಿದರು. ನುಣುಪಾದ ಒಂದು ಕೊಂಬಿನ ತುಂಡಿನಿಂದ ಉರುಳೆಯ ಸುತ್ತ, ಟ್ರಿಗರಿನ ಬಳೆಯ ಸುತ್ತ ಒತ್ತಿ ಒತ್ತಿ ತೀಡಿದರು. ನೋಡನೋಡುತ್ತಿದ್ದಂತೆ ತೊಗಲಿನ ಮೇಲೆ ಅಪ್ಪನ ರಿವಾಲ್ವರಿನ ಆಕಾರ ಎದ್ದುಬಂತು. ಬೇಗ ಒಣಗಲೆಂದು ನಾನು ಬಿಸಿಲಿಗೆ ಇಡಹೋದೆ. 'ಹಂಗ ಮಾಡಬ್ಯಾಡ್ರಿ, ಹಪ್ಪಳ ಆಗ್ತೈತಿ' ಎಂದು ಕಸಿದುಕೊಂಡು ನೆರಳಿನಲ್ಲಿ ತೂಗುಹಾಕಿದರು.

ಮರುದಿನ ಮೇಲಿನ ಪಟ್ಟಿ, ಗುಂಡಿ, ಸೊಂಟಪಟ್ಟಿ ತೂರಿಸುವ ಕುಣಿಕೆ. ಕೊಂಡಿಯನ್ನು ಮುಟ್ಟದೆ ಹ್ಯಾಮರಿನ ಹಿಂದಿನಿಂದ ಪಟ್ಟಿ ಹಾಯಬೇಕೆಂದು ಅಚ್ಚಿನ ಮೇಲೆ ಗೆರೆ ಹಾಕಿ ತೋರಿಸಿದೆ. ಅವರು ನನ್ನ ಗೆರೆಗಿಂತ ಅರ್ಧ ಬೆರಳು ಹಿಂದಕ್ಕೆ ಸರಿಸಿದರು. ಮನೆಗೆ ಬಂದು ನೋಡಿದಾಗ ಅವರ ಲೆಕ್ಕವೇ ಸರಿಯಿತ್ತು. ತಳದಲ್ಲಿ ನೀರು ಇಳಿಯಲೆಂದು ಸಣ್ಣದೊಂದು ತೂತನ್ನೂ ಬಿಟ್ಟರು. ನಮ್ಮ ಮಳೆಯನ್ನು ಅವರು ನೋಡಿಲ್ಲ. ಅಳಿಯ ಹೇಳಿದ್ದನ್ನು ಕೇಳಿಯೇ ಆ ತೂತು.

ಅವರು ಹೇಳಿದ ಬೆಲೆ ತೊಗಲಿನ ಖರ್ಚು ಬಿಟ್ಟರೆ ಎರಡು ದಿನದ ಕೂಲಿಗಿಂತ ಹೆಚ್ಚೇನೂ ಇರಲಿಲ್ಲ. ಚೌಕಾಸಿಗೆ ಮನಸ್ಸು ಬರಲಿಲ್ಲ. ಅಂಗಡಿಯಲ್ಲಿ ಅಲ್ಲಾಡುವ ಒರೆಗೆ ಕೇಳಿದ್ದಷ್ಟನ್ನೇ ಕೊಟ್ಟೆ.

ಒರೆಯನ್ನು ಪರೀಕ್ಷಿಸುವುದು ಹೇಗೆ

ಮನೆಗೆ ಬಂದು, ತೋಟಾ ತೆಗೆದ ರಿವಾಲ್ವರನ್ನೇ ಇಟ್ಟು ಈ ಕೆಳಗಿನಂತೆ ನೋಡಿದೆ. ಯಾವ ಒರೆಯನ್ನು ಕೊಂಡರೂ ಹೀಗೆ ನೋಡಿರಿ.

1. ಟ್ರಿಗರ್ ಮತ್ತು ಅದರ ಬಳೆ ಪೂರ್ತಿ ಮುಚ್ಚಿರಬೇಕು. ಪಕ್ಕದಿಂದ ಕಿರುಬೆರಳು ಕೂಡ ಒಳಗೆ ಹೋಗಬಾರದು.

2. ಪಟ್ಟಿ ಬಿಚ್ಚಿ, ಹಾಸಿಗೆಯ ಮೇಲೆ ಒರೆಯನ್ನು ತಲೆಕೆಳಗು ಹಿಡಿದು ಮೆಲ್ಲಗೆ ಅಲ್ಲಾಡಿಸಿದರೂ ಆಯುಧ ಬೀಳಬಾರದು. ಪಟ್ಟಿ ಎರಡನೆಯ ಕಾವಲು ಮಾತ್ರ.

3. ಆಯುಧ ತೆಗೆದ ಮೇಲೂ ಒರೆಯ ಬಾಯಿ ತೆರೆದೇ ಇರಬೇಕು. ಬಾಯಿ ಕುಸಿದ ಒರೆಗೆ ಆಯುಧ ತುರುಕುವಾಗ ತೊಗಲಿನ ಮಡಿಕೆ ಟ್ರಿಗರಿಗೆ ಸಿಕ್ಕಿ ಗುಂಡು ಹಾರಿಸೀತು.

4. ಕೊಂಡಿ, ಸೇಫ್ಟಿ ಕಡ್ಡಿ, ಹ್ಯಾಮರ್‌ಗಳಿಗೆ ತೊಗಲು ಒತ್ತಬಾರದು.

5. ಹೊಸ ಒರೆ ಬಿಗಿ ಇರುವುದು ಸಹಜ. ಅಚ್ಚಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒಂದು ರಾತ್ರಿ ಒಳಗಿಟ್ಟರೆ ಸಡಿಲಾಗುತ್ತದೆ. ಎಣ್ಣೆ ಸುರಿಯಬೇಡಿ. ಎಣ್ಣೆ ಹೆಚ್ಚಾದರೆ ತೊಗಲು ಮೆತ್ತಗಾಗಿ ಬಾಯಿ ಕುಸಿಯುತ್ತದೆ.

ಮಳೆಗಾಲದ ಜೋಪಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಆಗ ಯಾವ ಕಾರಣಕ್ಕೂ ಆಯುಧವನ್ನು ಒರೆಯೊಳಗೇ ಇಟ್ಟುಬಿಡಬೇಡಿ. ತೊಗಲು ತೇವವನ್ನು ಹೀರಿ ಉಕ್ಕಿನ ಮೈಗೆ ಒತ್ತಿ ಹಿಡಿಯುತ್ತದೆ, ತೊಗಟೆಯ ಒಗರು ಅದಕ್ಕೆ ಸೇರುತ್ತದೆ. ಒಂದೇ ಮಳೆಗಾಲದಲ್ಲಿ ತುಕ್ಕಿನ ಕಲೆ ಬೀಳುತ್ತದೆ. ತೋಟಾಗಳನ್ನು ತೊಗಲಿನ ಪಟ್ಟಿಯ ಕುಣಿಕೆಗಳಲ್ಲಿ ಬಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬಿನ ತೋಟಾ ಚೇಂಬರಿನಲ್ಲಿ ಸಿಕ್ಕಿಕೊಳ್ಳಬಹುದು. ಆಯುಧ, ತೋಟಾ, ಒರೆ ಮೂರನ್ನೂ ಬೇರೆ ಬೇರೆಯಾಗಿ, ಮೊದಲೆರಡನ್ನು ಬೀಗದಲ್ಲಿ, ಇಡಬೇಕು.

ಒರೆ ಒದ್ದೆಯಾದರೆ ಒಣ ಬಟ್ಟೆಯಿಂದ ಒರಸಿ, ಒಳಗೆ ಮರದ ಅಚ್ಚನ್ನು ಹಾಕಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ಬಚ್ಚಲ ಒಲೆಯ ಹತ್ತಿರವೂ ಬೇಡ, ಅಡಿಕೆ ಒಣಗಿಸುವ ಗೂಡಿನ ಮೇಲೂ ಬೇಡ. ಬೂಷ್ಟು ಕಂಡರೆ ಮನೆಯ ಹೊರಗೆ ಒಯ್ದು ಒಣ ಬಟ್ಟೆಯಿಂದ ಒರಸಿ, ವಿನಿಗರ್ ಮತ್ತು ನೀರನ್ನು ಸಮ ಬೆರೆಸಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ ಸವರಿ ಒಣಗಿಸಿ. ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ, ಜೇನುಮೇಣವನ್ನು ಸ್ವಲ್ಪ ಹರಳೆಣ್ಣೆಯೊಡನೆ ಬೆಚ್ಚಗೆ ಕರಗಿಸಿ ಹೊರಮೈಗೆ ತೆಳುವಾಗಿ ತಿಕ್ಕಿದರೆ ಸಾಕು. ತೋಟದ ಜೇನುಪೆಟ್ಟಿಗೆಯ ಮೇಣ ಅದಕ್ಕೆ ಧಾರಾಳ. ಕೋವಿಯ ಭುಜದ ಪಟ್ಟಿಗೂ ಇದೇ ಆರೈಕೆ. ಚುನಾವಣೆ ಸಮಯದಲ್ಲಿ ಆಯುಧ ಠೇವಣಿ ಇಡಬೇಕಾದಾಗ ಒರೆ, ಪಟ್ಟಿಗಳನ್ನು ಮನೆಯಲ್ಲೇ ಉಳಿಸಿಕೊಳ್ಳಿ.

ಕಾನೂನಿನ ನಾಲ್ಕು ಮಾತು

2016ರ ಶಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ, ಮೈಗೆ ಕಟ್ಟಿಕೊಂಡ ಒರೆಯಲ್ಲಿ ಅಥವಾ ಬೆನ್ನಚೀಲದಂಥದ್ದರಲ್ಲಿ ಮಾತ್ರ ಒಯ್ಯಬೇಕು. ಉದ್ದದ ಕೋವಿಗೂ ಅದಕ್ಕೆ ತಕ್ಕ ಚೀಲ ಬೇಕು. ಆಯುಧ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಹೆಗಲಿಗೆ ಬರೀ ಪಟ್ಟಿ ಹಾಕಿ ಕೋವಿ ತೂಗಿಕೊಂಡು ಸಂತೆಗೆ ಹೋಗುವ ನಮ್ಮ ಹಳೆಯ ರೂಢಿ ಈ ನಿಯಮಕ್ಕೆ ಒಪ್ಪುವುದಿಲ್ಲ.

1959ರ ಶಸ್ತ್ರ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ, ಹಬ್ಬಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಅದೇ ತಿದ್ದುಪಡಿ ಹೇಳುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. ವಿನಾಯಿತಿ ಇದ್ದವರಿಗೂ ಎಚ್ಚರಿಕೆಯಿಂದ ವಿನಾಯಿತಿ ಇಲ್ಲ.

ಇನ್ನೊಂದು ಮಾತು. .32 ರಿವಾಲ್ವರ್ ಆನೆಯ ಮುಂದೆ ಆಟಿಕೆ. ಸೊಂಟದಲ್ಲಿದೆ ಎಂಬ ಧೈರ್ಯದಿಂದ ಸಂಜೆ ತೋಟಕ್ಕೆ ನುಗ್ಗಿದವರು ಜೀವಕ್ಕೆ ಎರವಾದಾರು. ಪರವಾನಗಿ ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಹೊಡೆಯಲು ಅನುಮತಿ ಸಿಕ್ಕಂತೆಯೂ ಅಲ್ಲ.

ಕೋವಿ ಇಲ್ಲದವರಿಗೂ

ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಕೈಬಂದೂಕು ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಒರೆ ಎಲ್ಲರಿಗೂ ಬೇಕು. ಕಸಿಯ ಕತ್ತಿ, ಚಿಗುರು ತೆಗೆಯುವ ಕತ್ತರಿ, ಅಡಿಕೆ ಗೊನೆ ಕೊಯ್ಯುವ ಕತ್ತಿ ಇವನ್ನು ನಾವು ಸೊಂಟದ ಪಂಚೆಗೋ ಗೋಣಿಯ ತುಂಡಿಗೋ ಸಿಕ್ಕಿಸಿಕೊಂಡು ಓಡಾಡುತ್ತೇವೆ. ಜಾರಿದಾಗ ತೊಡೆ ಕೊಯ್ದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಈ ವಿಷಯದಲ್ಲಿ ಕೊಡವರ ಹಿರಿಯರು ನಮಗಿಂತ ಜಾಣರು. ಒಡಿಕತ್ತಿಯನ್ನು ಬೆನ್ನ ಹಿಂದೆ ಹಿಡಿದಿಡಲು ತೊಡಂಗ್ ಎಂಬ ಲೋಹದ ಹಿಡಿಕೆ, ಪೀಚೆಕತ್ತಿಗೆ ಸೊಂಟದ ಚೇಲೆಯಲ್ಲಿ ಸಿಕ್ಕಿಸುವ ಒರೆ. ಒಂದೊಂದು ಆಯುಧಕ್ಕೂ ಅದರದೇ ಮನೆ.

ಆದ್ದರಿಂದ ನನ್ನದೊಂದು ಸಲಹೆ. ನಮ್ಮ ಮಹಾಸಭೆಯ ದಿನ ಸದಸ್ಯರು ತಮ್ಮ ಕತ್ತಿ, ಕತ್ತರಿಗಳ ಆಕಾರವನ್ನು ಕಾಗದದ ಮೇಲೆ ಎಳೆದು ತರಲಿ. ಸಂಘದ ಮೂಲಕ ಒಟ್ಟಿಗೆ ಕೆಲಸ ಕೊಟ್ಟರೆ ಒಬ್ಬ ಕುಶಲಕರ್ಮಿಗೆ ತಿಂಗಳುಗಟ್ಟಲೆ ದುಡಿಮೆಯಾಗುತ್ತದೆ, ನಮಗೂ ತೊಗಲು ಸೋವಿಯಾಗಿ ಸಿಗುತ್ತದೆ. ಚರ್ಮ ಕುಶಲಕರ್ಮಿಗಳಿಗಾಗಿಯೇ 1976ರಲ್ಲಿ ಸರ್ಕಾರ ಸ್ಥಾಪಿಸಿದ ಲಿಡ್ಕರ್ ನಿಗಮವಿದೆ. ಹದವಾದ ತೊಗಲು, ತರಬೇತಿಯ ವಿಷಯದಲ್ಲಿ ಅವರನ್ನೂ ಸಂಘ ವಿಚಾರಿಸಬಹುದು. ನಮ್ಮ ಕೊಯ್ಲಿಗೆ ಬಂದು ದುಡಿಯುವವರ ಮನೆಯಲ್ಲೇ ಇಂಥ ಕೈಕೆಲಸ ಇರುವಾಗ, ಅದು ಆ ಹಿರಿಯರೊಡನೆಯೇ ಮುಗಿದುಹೋದರೆ ನಷ್ಟ ಅವರಿಗೊಬ್ಬರಿಗೇ ಅಲ್ಲ.

ಬರುವಾಗ ಹಿರಿಯರು ನನ್ನ ಅಚ್ಚನ್ನು ಹಿಂದಿರುಗಿಸಿ, 'ಇದನ್ನ ಒಗೀಬ್ಯಾಡ್ರಿ. ಮಳಿಗಾಲದಾಗ ಒರಿ ಒಳಗ ಇಡ್ರಿ, ಆಕಾರ ಉಳೀತೈತಿ' ಎಂದರು. ಈಗ ಅದು ಒರೆಯೊಳಗೇ ಇದೆ. ರಿವಾಲ್ವರ್ ಬೀಗದಲ್ಲಿದೆ. ಕಣದಲ್ಲಿ ಮಕ್ಕಳು ಗೋಲಿ ಆಡುತ್ತಾರೆ.

ಒರೆ ಮಾಡಿಸಬೇಕೆನ್ನುವವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿರಿ. ಅಚ್ಚು ಮಾತ್ರ ತನ್ನಿ, ಕೋವಿ ಮನೆಯಲ್ಲೇ ಇರಲಿ.